ಯುಟಿಲಿಟಿಯಲ್ಲಿ ಹಳಸಿದ ಹೂರಣ

ನನ್ನ ಮೈದುನನ ಕಂಪ್ಯೂಟರನ್ನು ದ್ವೇಷಿಸಿದಷ್ಟು ನಾನು ಯಾವ ಮನುಷ್ಯನನ್ನೂ ದ್ವೇಷಿಸಿಲ್ಲ. ಮೈದುನನನ್ನು ಬಿಟ್ಟು.

ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಅವನು ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ, ನಾನು ಆರ್ಡರ್ ಹಿಡಿದು ಹೋಳಿಗೆ ಮಾಡುತ್ತೇನೆ. ಹೋದ ಬೇಸಿಗೆಗೆ ಮುಂಚೆ ಅವನು ದೊಡ್ಡ ಪ್ರೊಸೆಸರಿನ ಯಂತ್ರ ತಂದ. ಒಳಗೆ ರಾಶಿ ಕೋರ್‌ಗಳಿವೆಯಂತೆ, ಒಂದೊಂದೂ ಒಬ್ಬೊಬ್ಬ ಆಳಿನ ಹಾಗೆ ದುಡಿಯುತ್ತದಂತೆ. ಎಲ್ಲ ಒಟ್ಟಿಗೆ ದುಡಿದರೆ ಕರೆಂಟು ಕುಡಿಯುತ್ತವೆ, ಕುಡಿದದ್ದೆಲ್ಲ ಬಿಸಿಯಾಗಿ ಹೊರಬರುತ್ತದೆ. ಬಿಸಿ ಮಿತಿಮೀರಿದರೆ ಯಂತ್ರ ತಾನಾಗಿಯೇ ನಿಧಾನವಾಗುತ್ತದೆ. ಅದಕ್ಕೇ ಅವನ ಕೋಣೆಗೆ ಎಸಿ ಬಂತು.

ಅಕ್ಕಪಕ್ಕದ ಮನೆಗಳಿಗೂ ನಮಗೂ ಗೋಡೆಗೆ ಗೋಡೆ ಅಂಟಿದೆ. ಎಸಿಯ ಹೊರಗಿನ ಪೆಟ್ಟಿಗೆಗೆ ಸಿಕ್ಕ ಜಾಗ ಅಡುಗೆಮನೆಯ ಹಿಂದಿನ ನನ್ನ ಯುಟಿಲಿಟಿ. ನಾನು ಪಾತ್ರೆ ತೊಳೆಯುವುದು, ಬೇಯಿಸಿದ ಹೂರಣ ಆರಲು ಇಡುವುದು ಅಲ್ಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಈ ಬಿಸಿಗಾಳೀಲಿ ಬೆಂದು ಹೋಗ್ತಾ ಇದೀನಿ ಕಣೋ," ಎಂದೆ.

"ಪ್ರೊಸೆಸರ್‌ಗೆ ಕೂಲಿಂಗ್ ಬೇಕು ಅತ್ತಿಗೆ. ನಾನೇನ್ ಮಾಡ್ಲಿ?"

ಗಂಡನಿಗೆ ದೂರಿದರೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೇ," ಎಂದರು. ಈ ಮನೆಯಲ್ಲಿ ಅಡ್ಜಸ್ಟ್ ಎಂಬುದು ನನಗೊಬ್ಬಳಿಗೇ ಕಟ್ಟಿಟ್ಟದ್ದು.

ಯುಗಾದಿಯ ಹಿಂದಿನ ದಿನ ಹೂರಣ ಹಳಸಿತು. ಗೊತ್ತಾಗದೆ ಅದನ್ನೇ ತುಂಬಿ ಹೋಳಿಗೆ ಮಾಡಿ ಕಳಿಸಿದ್ದೆ. ವರ್ಷಾನುಗಟ್ಟಲೆ ನನ್ನಲ್ಲೇ ಕೊಳ್ಳುತ್ತಿದ್ದ ಗೋವಿಂದರಾಜನಗರದ ಆಂಟಿ ಡಬ್ಬಿಯನ್ನು ವಾಪಸು ತಂದು ನನ್ನ ಕೈಗಿಟ್ಟರು. "ಇನ್ಮೇಲೆ ಬೇರೆ ಕಡೆ ಹೇಳ್ಕೋತೀನಮ್ಮ," ಎಂದರು. ಇನ್ನೊಂದು ಸಲ ಹೀಗಾದರೆ ನನ್ನ ಹೋಳಿಗೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಮೈದುನ ಕೋಣೆಯಿಂದ ಆಚೆಗೂ ಬರಲಿಲ್ಲ.

ಅದೇ ವಾರ ಅವನ ಫೋಟೋಗ್ರಾಫರ್ ಗೆಳೆಯ ತೆಳ್ಳನೆಯ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟ. ಇಬ್ಬರೂ ತಂತಮ್ಮ ಯಂತ್ರದಲ್ಲಿ ಒಂದೇ ಮದುವೆಯ ವಿಡಿಯೋ ತಯಾರಾಗಲು ಹಾಕಿದರು. ಒಳಗೆ ಮೈದುನನ ಯಂತ್ರ ಇನ್ನೂ ಬುಸುಗುಡುತ್ತಿದ್ದಾಗಲೇ ಇದು ಮುಗಿಸಿತ್ತು. ಅದರ ಅಡಿ ಮುಟ್ಟಿ ನೋಡಿದೆ. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ.

"ಇದ್ರ ಚಿಪ್‌ನಲ್ಲಿ ವಿಡಿಯೋಗೇ ಅಂತ ಬೇರೆ ಭಾಗ ಇದೆ ಅಕ್ಕ. ಕೋರ್‌ಗಳಿಗೆ ಅಷ್ಟು ಕೆಲಸ ಬೀಳಲ್ಲ. ಕರೆಂಟೂ ಕಮ್ಮಿ, ಬಿಸೀನೂ ಕಮ್ಮಿ," ಎಂದ ಗೆಳೆಯ.

ಚಕ್ಕುಲಿ ಒರಳು ಇರುವಾಗ ಊರಿನ ಆಳುಗಳನ್ನೆಲ್ಲ ಕರೆಸಿ ಕೈಯಲ್ಲಿ ಚಕ್ಕುಲಿ ಸುತ್ತಿಸುತ್ತಾರೆಯೇ? ನಮ್ಮವನು ಸುತ್ತಿಸುತ್ತಿದ್ದ.

ಬೈದು, ಕಾಡಿ, ಅಂಥದ್ದೇ ಲ್ಯಾಪ್‌ಟಾಪ್ ಕೊಳ್ಳುವ ಹಾಗೆ ಮಾಡಿದೆ. ದೊಡ್ಡ ಯಂತ್ರವನ್ನು ಮಾರಿದ. ಮರುದಿನ ಹೂರಣ ಆರಲು ಇಟ್ಟು ತಿರುಗಿದರೆ ಬೆನ್ನಿಗೆ ಅದೇ ಬಿಸಿಗಾಳಿ! ಅವನ ಕೋಣೆಯ ಬಾಗಿಲು ತಳ್ಳಿದೆ. ಶಾಲು ಹೊದ್ದು ಕೂತಿದ್ದ.

"ಈಗ್ಯಾಕೋ ಎಸಿ?"

"ನಂಗೆ ಸೆಕೆ ಆಗುತ್ತೆ ಅತ್ತಿಗೆ. ಅಭ್ಯಾಸ ಆಗೋಗಿದೆ."

ನಾನು ಜಗಳವಾಡಲಿಲ್ಲ. ಹೂರಣದ ಪಾತ್ರೆ ತಂದು ಅವನ ಮೇಜಿನ ಮೇಲಿಟ್ಟೆ. ಕಣಕದ ಬಟ್ಟಲು ತಂದೆ, ಮಣೆ ತಂದೆ, ಲಟ್ಟಣಿಗೆ ತಂದೆ.

"ಅತ್ತಿಗೆ, ಏನಿದು?"

"ಹೂರಣಕ್ಕೆ ಕೂಲಿಂಗ್ ಬೇಕು ಕಣಪ್ಪ. ನಾನೇನ್ ಮಾಡ್ಲಿ?"

ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲಿಗೆ ಹೋದ. ನಾನು ಬಾಗಿಲು ಹಾಕಿಕೊಂಡೆ.