ಭೂತಗನ್ನಡಿಯಲ್ಲಿ ಕಾಣದ ಗೆರೆಗಳು

ಚಿಕ್ಕೋಡಿಯ ವಾಚನಾಲಯದಲ್ಲಿ ದೊರೆತ ಚಿತ್ರಕಲೆಯ ಪುಸ್ತಕವೊಂದರಲ್ಲಿ ಫ್ರಾನ್ಸ್ ದೇಶದ ನದಿಯೊಂದರ ಮುಂಜಾವಿನ ಚಿತ್ರವಿತ್ತು. ಕಲಾವಿದನು ಬಣ್ಣಗಳನ್ನು ಕಲಸದೆ, ಕುಂಚದ ತುಂಡುಗೆರೆಗಳಾಗಿ ಪಕ್ಕಪಕ್ಕದಲ್ಲಿ ಇಟ್ಟಿದ್ದಾನೆ. ದೂರ ನಿಂತವರ ಕಣ್ಣೇ ಅವುಗಳನ್ನು ಬೆರೆಸಿ ನೀರನ್ನು ಬೆಳಗಿಸುತ್ತದೆ ಎಂದು ಲೇಖಕರು ಬರೆದಿದ್ದರು. ನನಗೆ ನಂಬಿಕೆ ಬರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಗೆರೆಯ ಸುಳಿವೇ ಇಲ್ಲ. ಬರೀ ಸಾಲುಗಟ್ಟಿದ ದುಂಡು ಚುಕ್ಕಿಗಳು! ಈ ಲೇಖಕರು ಸುಳ್ಳು ಬರೆದಿದ್ದಾರೆಂದು ಗೆಳೆಯರೆದುರು ಸಾರಿಬಿಟ್ಟೆ.

ಸಾಕ್ಷಿಗೆಂದು ಪುಸ್ತಕವನ್ನು ಅಂಗಡಿಗಳ ಬೋರ್ಡು ಬರೆಯುವ ಪೇಂಟರನ ಬಳಿಗೆ ಒಯ್ದೆ. ಆತ ನಕ್ಕುಬಿಟ್ಟ.

“ಕಾಕಾ, ಇವು ಚಿತ್ರದ್ದಲ್ಲ, ಅಚ್ಚ ಹಾಕೂ ಛಾಪಖಾನೆ ಚುಕ್ಕಿ ಅದಾವ್ರಿ. ಈ ಪೇಪರದಾಗಿನ ಮಂತ್ರಿ ಮಾರಿ ನೋಡ್ರಿ. ಅಲ್ಲೂ ಅದಾವು. ಮಂತ್ರಿಗೇನ ದಡಾರ ಎದ್ದೈತೇನ್ರಿ?”

ನೋಡಿದೆ. ಇದ್ದವು. ಭೂತಗನ್ನಡಿಯನ್ನು ಜೇಬಿಗೆ ಸೇರಿಸಿದೆ.

ಆತ ಹಳೆಯ ತಗಡಿನ ಮೇಲೆ ನೀಲಿ, ಕಿತ್ತಳೆ, ಬಿಳಿ ಬಣ್ಣಗಳನ್ನು ಗೀರುಗೀರಾಗಿ ಎಳೆದು, “ರಸ್ತಾ ದಾಟಿ ನಿಂದರ್ರಿ” ಎಂದ. ಹತ್ತಿರದಲ್ಲಿ ಅದು ಕುಂಚದ ಕೂದಲಿನ ಗುರುತುಳಿದ ದಪ್ಪ ಬಣ್ಣವಷ್ಟೇ. ಆಚೆ ಹೋಗಿ ನಿಂತೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅಡ್ಡ ಬಂದು ಸರಿಯಿತು; ಅದರ ಹಿಂದಿದ್ದ ತಗಡು ಬಿಸಿಲು ಬಿದ್ದ ಹೊಳೆಯಂತೆ ಮಿಣುಕಿತು.

ತಗಡು ಮಿಣುಕಿದರೇನು, ನಿಜವಾದ ನೀರು ಹಾಗಿರಬೇಕಲ್ಲ? ಮರುದಿನ ಬೆಳಿಗ್ಗೆ ಕುಡಚಿಗೆ ಹೋಗಿ ಕೃಷ್ಣೆಯ ದಂಡೆಯಲ್ಲಿ ನಿಂತೆ. ಪ್ರತಿ ಅಲೆಯ ಒಂದು ಮಗ್ಗುಲಲ್ಲಿ ಆಕಾಶದ ಬಣ್ಣ, ಇನ್ನೊಂದರಲ್ಲಿ ದಂಡೆಯ ಮಣ್ಣಿನದು. ಎರಡೂ ಬೆರೆಯದೆ ಒಂದನ್ನೊಂದು ತಳ್ಳುತ್ತಿದ್ದವು. ಒಂದು ಬಣ್ಣಕ್ಕೆ ಹೆಸರು ಹುಡುಕುವಷ್ಟರಲ್ಲಿ ಅದು ಬದಲಾಗಿರುತ್ತಿತ್ತು. ಇದನ್ನು ಚಿತ್ರದಲ್ಲಿ ಹಿಡಿಯುವವನಿಗೆ ನುಣುಪಾಗಿ ತೀಡಲು ಪುರಸತ್ತಾದರೂ ಎಲ್ಲಿ? ಎಪ್ಪತ್ತು ವರ್ಷ ಈ ಹೊಳೆಯನ್ನು ನೋಡಿಯೂ ಅದರ ನೀರಿಗೆ ಒಂದೇ ಬಣ್ಣವೆಂದು ತಿಳಿದಿದ್ದೆನಲ್ಲ!

ಸಂಜೆ ವಾಚನಾಲಯದಲ್ಲಿ, ನಾನು ಹೇಳಿದ್ದು ತಪ್ಪೆಂದು ಅದೇ ಗೆಳೆಯರೆದುರು ಒಪ್ಪಿಕೊಂಡೆ.

“ನೀವು? ತಪ್ಪು?” ಎಂದರು ನಿವೃತ್ತ ಮಾಸ್ತರರು. “ಯಾರರೇ ಇವರಿಗೆ ನೀರ ಕೊಡ್ರಿ!” ಎಲ್ಲರೂ ನಕ್ಕರು. ಆಮೇಲೆ ಅವರೇ ದನಿ ತಗ್ಗಿಸಿ, “ನಿಮ್ಮ ಮಾತ ನಂಬಿ ನಾನೂ ನಾಕ ಮಂದಿಗೆ ಹೇಳೇನ್ರಿ. ಈಗ ಅವರಿಗೇನ ಹೇಳ್ಲಿ?” ಎಂದರು.

ಲೇಖಕರ ಮೇಲೆ ನಾನು ಹೊರಿಸಿದ್ದ ತಪ್ಪು ನನ್ನ ಹೆಸರಿನಲ್ಲೇ ಊರು ಸುತ್ತುತ್ತಿತ್ತು.

“ಪೇಂಟರನ ತಗಡ ನೋಡಾಕ ಕಳಸ್ರಿ, ಮಾಸ್ತರ,” ಎಂದೆ. “ನನ್ನ ಹೆಸರ ಹೇಳಿ ಮಾತ್ರ ನಂಬಸಬ್ಯಾಡ್ರಿ.”