ಬೆಂಚಿನಡಿಯ ಲೆಕ್ಕ

ನಮ್ಮ ಲೆಕ್ಕದ ಮೇಷ್ಟ್ರ ಬಲಗಿವಿಯ ಮೇಲೆ ಬಡಗಿಯ ಪೆನ್ಸಿಲಿನ ಹಾಗೆ ಸದಾ ಒಂದು ಸೀಮೆಸುಣ್ಣದ ತುಂಡು. ಸಂಜೆ ಹೊತ್ತಿಗೆ ಆ ಪಕ್ಕದ ಕೂದಲೆಲ್ಲ ಬೆಳ್ಳಗಾಗಿರುತ್ತಿತ್ತು. ತುಮಕೂರಿನಿಂದ ಬೆಳಗಿನ ರೈಲಿಗೆ ಗುಬ್ಬಿಗೆ ಬರುವಾಗಲೇ ದಣಿದಿರುತ್ತಿದ್ದರು. ಕುರ್ಚಿಯಲ್ಲಿ ಕೂತು, "ಕೈ ಹಿಂದೆ ಕಟ್ರೋ" ಅನ್ನುತ್ತಿದ್ದರು. ಬೆರಳೆಣಿಸುವವರಿಗೆ ಬುದ್ಧಿ ಬೆಳೆಯುವುದಿಲ್ಲ ಎಂಬುದು ಅವರ ನಂಬಿಕೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಐದನೇ ಕ್ಲಾಸಿನಲ್ಲಿ ಎರಡನೇ ಸಲ ಕೂತಿದ್ದೆ. ಈ ಸಲವೂ ಲೆಕ್ಕದಲ್ಲಿ ಫೇಲಾದರೆ ಶಾಲೆ ಬಿಡಿಸುವುದೆಂದು ಅಪ್ಪ ತೀರ್ಮಾನಿಸಿದ್ದರು. ಕೈ ಕಟ್ಟಿದ ಮೇಲೆ ನಾನು ಬೆಂಚಿನಡಿಯಲ್ಲಿ ಕಾಲ್ಬೆರಳು ಮಡಿಸಿ ಎಣಿಸುತ್ತಿದ್ದೆ.

"ಸಾ, ಇವ್ಳು ಕಾಲಲ್ಲಿ ಎಣಿಸ್ತಾವ್ಳೆ!" ಎಂದು ಪಕ್ಕದವಳು ಕೂಗಿದಳು. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಬಂದು, ಬಗ್ಗಿ, ನನ್ನ ಪಾದಗಳನ್ನೇ ನೋಡಿದರು. ಏಟು ಬೀಳಲಿಲ್ಲ. "ತಪ್ಪು ನಂದು ಕಣಮ್ಮ. ಏಣಿ ಕಿತ್ಕೊಂಡು ಅಟ್ಟ ಹತ್ತು ಅಂದಂಗಾಯ್ತು" ಎಂದು, ಎಲ್ಲರಿಗೂ ಕೈ ಬಿಚ್ಚಿಸಿದರು.

ಅವತ್ತು ಸಂಜೆಯ ರೈಲು ಬಿಟ್ಟು ನಮ್ಮ ಮನೆಗೆ ಬಂದರು.

"ದಡ್ಡಿ ಅವ್ಳು, ಬುಡಿ ಮೇಷ್ಟ್ರೇ" ಎಂದರು ಅಪ್ಪ.

"ದಡ್ಡಿ ಅಲ್ಲ. ಬೆರಳಿಂದ ತಲೆಗೆ ಹೋಗೋ ದಾರಿ ಒಬ್ಬೊಬ್ರಿಗೆ ಒಂದೊಂದು ಉದ್ದ. ಪಾಸು ಫೇಲು ಏನೇ ಆಗ್ಲಿ, ಏಳನೇ ಕ್ಲಾಸ್ ತಂಕ ಕಳ್ಸಿ."

ಅಪ್ಪ ಒಪ್ಪಿದ್ದು ಮನಸ್ಸಿನಿಂದಲ್ಲ, ಮನೆ ಬಾಗಿಲಿಗೆ ಬಂದ ಮೇಷ್ಟ್ರ ಮುಖ ನೋಡಿ.

ಹೇಗೋ ಪಾಸಾಗುತ್ತಾ ಏಳನೇ ಕ್ಲಾಸಿಗೆ ಬಂದಾಗ, ಗೊತ್ತಿಲ್ಲದ ಸಂಖ್ಯೆಯ ಜಾಗಕ್ಕೆ ಅಕ್ಷರ ಇಟ್ಟು ಮಾಡುವ ಲೆಕ್ಕ ಬಂತು. ಒಂದು ದಿನ ನಾನಾಗಿಯೇ ಎದ್ದು ಕೇಳಿಬಿಟ್ಟೆ: "ಗೊತ್ತಿಲ್ದೇ ಇರೋದನ್ನೂ ಇದೆ ಅಂದ್ಕೊಂಡೇ ಮುಂದಕ್ಕೆ ಹೋದ್ರೆ, ಕೊನೇಲಿ ಅದೇ ಸಿಗುತ್ತಲ್ವಾ ಸಾ?"

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದು ನಾ ಹೇಳ್ಕೊಟ್ಟಿದ್ದಲ್ಲ ಕಣಮ್ಮ. ವಯಸ್ಸು ಹೇಳ್ಕೊಟ್ಟಿದ್ದು. ನಾನು ಅಡ್ಡ ಬರ್ಲಿಲ್ಲ, ಅಷ್ಟೇ."

ಆಮೇಲೆ ನನ್ನನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ಏಳಲಿಲ್ಲ. ಎಂಬತ್ತರ ದಶಕದಲ್ಲಿ ನಾನೂ ಕುಣಿಗಲ್ಲಿನಲ್ಲಿ ಟೀಚರಾದೆ. ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ತುಮಕೂರಿಗೆ ಹೋದಾಗ, ಅವರ ಕಷ್ಟ ಕೇಳುವುದು ಬಿಟ್ಟು ನನ್ನದೇ ಹೇಳಿಕೊಂಡೆ: "ಸಾಕಾಗಿದೆ ಸಾ. ಎಷ್ಟು ಹೇಳಿದ್ರೂ ಮಕ್ಕಳ ತಲೆಗೆ ಹತ್ತಲ್ಲ."

"ನಂಗೂ ದಿನಾ ಸಾಕಾಗ್ತಿತ್ತು" ಎಂದರು ಗೋಡೆ ಕಡೆ ನೋಡುತ್ತಾ. "ಸಾಕಾದ ದಿನ ಸುಮ್ನೆ ಕೂತ್ಕೊ. ತೀರ್ಪು ಮಾತ್ರ ಕೊಡ್ಬೇಡ."

ಆ ಆಷಾಢದಲ್ಲೇ ಹೋದರು. ಇಷ್ಟು ವರ್ಷಗಳಲ್ಲಿ ನಾನು ಸುಮ್ಮನೆ ಕೂತ ದಿನಗಳು ಬಹಳ. ಯಾವ ಮಗುವನ್ನೂ ದಡ್ಡ ಅಂದಿಲ್ಲ.