ಪುರಾವೆ ಕೇಳುತ್ತಿದ್ದ ಸರ್ಜನ್

ಗಾಜಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸರ್ಜನ್ ಮೇಡಂ ಬಾಯಲ್ಲಿ ಸದಾ ಒಂದೇ ಮಾತು: "ಪುರಾವೆ ಏನದರೀ?" ಚಹಾ ಬಿಸಿ ಇದೆ ಎಂದರೂ ಬೆರಳದ್ದಿ ನೋಡಿಯೇ ನಂಬುವವರು. ಬೆಳಿಗ್ಗೆ ಸ್ತನದ ಗಡ್ಡೆ ತೆಗೆಯುವುದು, ಸಂಜೆ ಅಂಥ ಗಡ್ಡೆ ಮೈಯೊಳಗೆ ಹೇಗೆ ಹರಡುತ್ತದೆಂದು ಪ್ರಯೋಗಾಲಯದಲ್ಲಿ ಹುಡುಕುವುದು ಅವರ ಕೆಲಸ. ಇಂಥವರನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮವರು, ಕಮಲಾಪುರದ ಸೋದರತ್ತೆಯ ಎದೆಯ ಗಡ್ಡೆಗೆ ಅರಿಶಿನ ಹಚ್ಚಿ, ಶ್ರಾವಣ ಮುಗಿದ ಮೇಲೆ ಡಾಕ್ಟರಿಗೆ ತೋರಿಸಿದರಾಯಿತೆಂದು ಕಾಯುತ್ತಿದ್ದರು. ಗಡ್ಡೆಯೂ ಉಪವಾಸ ಹಿಡಿಯುತ್ತದೆಂದು ನಂಬಿದ್ದರೇನೋ.

ಕೊನೆಗೆ ಮೇಡಂ ಅವರನ್ನು ನಾನೇ ಕಮಲಾಪುರಕ್ಕೆ ಕರೆದೊಯ್ದೆ. ಗಡ್ಡೆ ನೋಡಿದ ಮೇಡಂ ಆಪರೇಷನ್ ಆಗಲೇಬೇಕೆಂದಾಗ, ಕೆಂಪು ಬಾಳೆಯ ತೋಟದಲ್ಲಿ ಅತ್ತೆ ಕೆಣಕಿದಳು: "ಚಾಕು ಹಚ್ಚಿದ್ರ ಹರಡ್ತದಂತ. ಬಾಳಿ ಕಡದ್ರ ಮಗ್ಗಲದಾಗ ಮರಿ ಏಳಂಗಿಲ್ಲೇನ್ರೀ? ತಗೋರಿ, ನಿಮ್ಮ ಪುರಾವೆ."

ಮೇಡಂ ಕುಕ್ಕರಗಾಲಲ್ಲಿ ಕೂತು, ಇನ್ನೂ ಕಡಿಯದ ಗಿಡದ ಬುಡದ ಮಣ್ಣು ಕೆದರಿದರು. ಅಲ್ಲೂ ಮರಿಗಳಿದ್ದವು.

"ಇದನ್ನ ಯಾರು ಕಡದಾರವ್ವಾ? ತಡ ಮಾಡಿದಷ್ಟೂ ಮರಿ ಜಾಸ್ತಿ."

ಅತ್ತೆ ಶ್ರಾವಣದಲ್ಲೇ ಆಪರೇಷನ್ ಟೇಬಲ್ ಏರಿದಳು.

ಮಣ್ಣು ಕೆದರಿದ್ದು ತಾನೇ, ಡಾಕ್ಟರು ಸುಮ್ಮನೆ ಹಣ್ಣು ತಿನ್ನುತ್ತಿದ್ದರು ಎಂದು ಅತ್ತೆ ಈಗ ವಾದಿಸುತ್ತಾಳೆ. ನನ್ನ ನೆನಪಿಗೆ ಪುರಾವೆಯಿಲ್ಲ. ಆದರೆ ವಾದಿಸಲು ಅತ್ತೆ ಇದ್ದಾಳೆ. ಅವಳು ಇರುವುದಕ್ಕೆ ಮೇಡಂ ಕೂಡ ಪುರಾವೆ ಕೇಳಲಾರರು.